ಇಥಿಯೋಪಿಯಾದ ಹಳೆ ಜಾಝ್, ಫಂಕ್: ಎಲ್ಲಿಂದ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು

ಯೂಟ್ಯೂಬ್‌ನಲ್ಲಿ ‘ಇಥಿಯೋಪಿಯನ್ ಜಾಝ್’ ಎಂದು ಹುಡುಕಿದರೆ ಗಂಟೆಗಟ್ಟಲೆ ಓಡುವ ಮಿಕ್ಸ್‌ಗಳು ಸಾಲುಗಟ್ಟಿ ಬರುತ್ತವೆ. ಮೇಲೊಂದು ಮಾಸಿದ ಚಿತ್ರ, ಪಕ್ಕದಲ್ಲಿ ‘ವಿಂಟೇಜ್’ ಎಂಬ ಪದ. ನುಡಿಸಿದವರು ಯಾರು, ಯಾವ ವರ್ಷ, ಯಾವ ಊರು, ಒಂದೂ ಇರುವುದಿಲ್ಲ. ಅಡುಗೆ ಮಾಡುತ್ತಾ, ಕೋಡ್ ಬರೆಯುತ್ತಾ ಕೇಳಲು ಅಷ್ಟು ಸಾಕು. ಆದರೆ ಹಾಗೆ ಶುರು ಮಾಡಿದವರಲ್ಲಿ ಬಹಳ ಜನ ನಾಲ್ಕು ದಿನಕ್ಕೆ ‘ಎಲ್ಲಾ ಒಂದೇ ಥರ ಇದೆ’ ಎಂದು ಕೈಬಿಡುತ್ತಾರೆ.

ಒಂದೇ ಥರ ಇಲ್ಲ. ಯಾರನ್ನು ಕೇಳುತ್ತಿದ್ದೇವೆ ಎಂದು ಗೊತ್ತಿಲ್ಲದಾಗ ಹಾಗನಿಸುತ್ತದೆ, ಅಷ್ಟೇ. ಅದಕ್ಕೆ ನಾನು ಹೇಳುವ ದಾರಿ ಸರಳ: ಮಿಕ್ಸ್ ಬಿಡಿ, ಹೆಸರು ಹಿಡಿಯಿರಿ. ಈ ಸಂಗೀತದ ಲೋಕ ತುಂಬಾ ಚಿಕ್ಕದು. ಬಹುಪಾಲು ಒಂದೇ ಊರು, ಅಡಿಸ್ ಅಬಾಬಾ. ಹೆಚ್ಚೆಂದರೆ ಹತ್ತು ವರ್ಷ. 1969ರಿಂದ 1978ರವರೆಗೆ ಅಲ್ಲಿ ಹೊರಬಂದದ್ದು ಸುಮಾರು 500 ಸಣ್ಣ ರೆಕಾರ್ಡುಗಳು (ಸಿಂಗಲ್), 30ರಷ್ಟು ಎಲ್‌ಪಿಗಳು (ಪೂರ್ತಿ ಆಲ್ಬಮ್ಮಿನ ದೊಡ್ಡ ರೆಕಾರ್ಡು). ಅದರಲ್ಲೂ ಹಾಡಿಲ್ಲದ, ಬರೀ ವಾದ್ಯದ ಸಂಗೀತ ಇನ್ನೂ ಕಡಿಮೆ. ಇವತ್ತು ಈ ಬ್ಯಾಂಡಿನಲ್ಲಿ ನುಡಿಸಿದವರೇ ನಾಳೆ ಆ ಬ್ಯಾಂಡಿನಲ್ಲಿ ಇರುತ್ತಿದ್ದರು. ಐದಾರು ಹೆಸರು ಗೊತ್ತಾದರೆ ಇಡೀ ಓಣಿಯ ಪರಿಚಯ ಆದ ಹಾಗೆ.

ಮೊದಲು ಒಂಚೂರು ಹಿನ್ನೆಲೆ

ಆ ಊರಿನಲ್ಲಿ ತುತ್ತೂರಿ, ಸ್ಯಾಕ್ಸೊಫೋನ್‌ಗಳ ಕಥೆ ನೈಟ್‌ಕ್ಲಬ್ಬಿನಿಂದ ಶುರುವಾಗುವುದಿಲ್ಲ, ಅರಮನೆಯಿಂದ ಶುರುವಾಗುತ್ತದೆ. 1924ರಲ್ಲಿ ರಾಸ್ ತಫಾರಿ, ಅಂದರೆ ಮುಂದೆ ಚಕ್ರವರ್ತಿ ಹೈಲೆ ಸೆಲಾಸಿ ಆದವರು, ಜೆರುಸಲೇಮಿಗೆ ಹೋಗಿದ್ದಾಗ ಅನಾಥರಾದ ಅರ್ಮೇನಿಯನ್ ಹುಡುಗರ ಬ್ಯಾಂಡ್ ಒಂದನ್ನು ಕೇಳಿದರು. ಆ 40 ಹುಡುಗರನ್ನೂ ಅಡಿಸ್ ಅಬಾಬಾಕ್ಕೆ ಕರೆತಂದು ಆಸ್ಥಾನದ ಬ್ಯಾಂಡ್ ಮಾಡಿದರು. ಅವರ ಗುರು ಕೆವೋರ್ಕ್ ನಲ್ಬಂದಿಯನ್. ಅವರ ಮನೆತನದ ಮುಂದಿನ ಪೀಳಿಗೆಯ ನೆರ್ಸೆಸ್ ನಲ್ಬಂದಿಯನ್ ನಂತರದ ದಶಕಗಳಲ್ಲಿ ಇಥಿಯೋಪಿಯಾದ ವಾದಕರಿಗೆ ಪಾಠ ಹೇಳಿದರು, ಅವರ ರಾಗಗಳನ್ನು ದೊಡ್ಡ ಬ್ಯಾಂಡಿಗೆ ಹೊಂದಿಸಿಕೊಟ್ಟರು. ಚಕ್ರವರ್ತಿಯ ಅಂಗರಕ್ಷಕ ಪಡೆಗೆ ಒಂದು ಬ್ಯಾಂಡ್, ಪೊಲೀಸರಿಗೆ ಒಂದು, ಸೈನ್ಯಕ್ಕೆ ಒಂದು, ಹೈಲೆ ಸೆಲಾಸಿ ಥಿಯೇಟರಿಗೆ ಒಂದು. 60ರ ದಶಕದ ದೊಡ್ಡ ವಾದಕರೆಲ್ಲ ಹೆಚ್ಚುಕಡಿಮೆ ಇಂಥ ಕಡೆ ಸಂಬಳಕ್ಕಿದ್ದವರೇ. ಹಗಲು ಸಮವಸ್ತ್ರ, ರಾತ್ರಿ ಕ್ಲಬ್ಬು.

ರೆಕಾರ್ಡು ಮಾಡುವ ಹಕ್ಕು ಮಾತ್ರ ಸರ್ಕಾರದ ಕೃಪೆಯ ಹಾಗೆರ್ ಫಿಕಿರ್ ಎಂಬ ಸಂಸ್ಥೆಯ ಕೈಯಲ್ಲಿತ್ತು. 1969ರಲ್ಲಿ ಅಮ್ಹಾ ಎಶೆತೆ ಎಂಬ ಯುವಕ ಅದನ್ನು ಲೆಕ್ಕಿಸದೆ ಅಮ್ಹಾ ರೆಕಾರ್ಡ್ಸ್ ಶುರು ಮಾಡಿದರು. ಗಾಯಕ ಅಲೆಮಾಯೆಹು ಎಶೆತೆಯ ಹಾಡಿನಿಂದ ಆರಂಭ. ಆ ಮೊದಲ ರೆಕಾರ್ಡುಗಳನ್ನು ಒತ್ತಿಸಿ ತರಿಸಿದ್ದು ಭಾರತದಿಂದ! ಈ ಸಂಗತಿ ನನಗೆ ಬಹಳ ಇಷ್ಟ. 1975ರ ಹೊತ್ತಿಗೆ ಅವರ ಕಂಪನಿಯಿಂದ 103 ಸಿಂಗಲ್‌ಗಳು, 12 ಎಲ್‌ಪಿಗಳು ಬಂದಿದ್ದವು. ಜೊತೆಗೆ ಫಿಲಿಪ್ಸ್ ಇತ್ತು, ಅಲಿ ತಾಂಗೋ ಎಂದೇ ಹೆಸರಾದ ಅಲಿ ಅಬ್ದೆಲ್ಲಾ ಅವರ ಕೈಫಾ ರೆಕಾರ್ಡ್ಸ್ ಇತ್ತು.

1974ರಲ್ಲಿ ಡೆರ್ಗ್ ಎಂಬ ಸೈನಿಕ ಕೂಟ ಚಕ್ರವರ್ತಿಯನ್ನು ಇಳಿಸಿತು. ರಾತ್ರಿ ಕರ್ಫ್ಯೂ ಬಂತು. ಕ್ಲಬ್ಬುಗಳು ಸೊರಗಿದವು, ಅಮ್ಹಾ ದೇಶ ಬಿಟ್ಟರು, ರೆಕಾರ್ಡಿನ ಜಾಗಕ್ಕೆ ಕ್ಯಾಸೆಟ್ ಬಂತು. ಅಮ್ಹಾ ರೆಕಾರ್ಡ್ಸ್ ಶುರುವಾದದ್ದು, ಕ್ಯಾಸೆಟ್ ಬಂದದ್ದು: ನೀವು ಹುಡುಕುತ್ತಿರುವ ಸಂಗೀತದ ಬಹುಪಾಲು ಈ ಎರಡರ ನಡುವೆ ಇದೆ.

ಹಂತ 1: ಒಂದೇ ಒಂದು ರೆಕಾರ್ಡು, ಪೂರ್ತಿ

ಫ್ರಾನ್ಸಿನ ಫ್ರಾನ್ಸಿಸ್ ಫಾಲ್ಸೆತೊ ಈ ಹಳೆ ರೆಕಾರ್ಡುಗಳನ್ನು ಹುಡುಕಿ, ಹಕ್ಕು ಪಡೆದು, ಪ್ಯಾರಿಸ್ಸಿನ ಬುಡಾ ಮ್ಯೂಸಿಕ್ ಕಂಪನಿಯಿಂದ ‘ಎತಿಯೋಪೀಕ್’ ಎಂಬ ಸರಣಿ ತಂದರು. ಮೊದಲ ಸಂಪುಟ ಬಂದದ್ದು 1997ರಲ್ಲಿ, ಈಗ 30 ದಾಟಿವೆ. ಎಲ್ಲವನ್ನೂ ಕ್ರಮವಾಗಿ ಕೇಳಲು ಹೋಗಬೇಡಿ. ನಿಮಗೆ ಬೇಕಾದ್ದು ನಾಲ್ಕನೆಯ ಸಂಪುಟ. 1969ರಿಂದ 1974ರವರೆಗಿನ ಎಥಿಯೋ ಜಾಝ್ ಮತ್ತು ವಾದ್ಯಸಂಗೀತ ಅದರಲ್ಲಿದೆ. ಪೂರ್ತಿ ವಾದಕ, ಸಂಗೀತ ರಚನೆಕಾರ ಮುಲಾತು ಅಸ್ತಾತ್ಕೆಯವರದೇ ಸಂಗೀತ.

ಮೊದಲ ತುಣುಕು ‘ಯೆಕೆರ್ಮೊ ಸೆವ್’. ಬಾಸ್ ಶುರುವಾದ ಕೂಡಲೇ ಜಾಝ್ ಬಲ್ಲವರು ‘ಇದು ಹೊರೇಸ್ ಸಿಲ್ವರ್ ಅಲ್ವಾ’ ಎನ್ನುತ್ತಾರೆ. ಹೌದು, ಅಮೆರಿಕದ ಆ ಪಿಯಾನೊ ವಾದಕನ 60ರ ದಶಕದ ಒಂದು ಪ್ರಸಿದ್ಧ ಕೃತಿಯ ನೆರಳು ಅಲ್ಲಿದೆ. ಆದರೆ ಅದರ ಮೇಲೆ ಸ್ಯಾಕ್ಸೊಫೋನ್ ಬಂದಾಗ ಸ್ವರಗಳು ಅಮೆರಿಕದವಲ್ಲ. ಹೊರಳು ಬೇರೆ, ನಿಲ್ಲುವ ಜಾಗ ಬೇರೆ. ಈ ಎರಡು ಪದರಗಳನ್ನು ಬೇರೆಬೇರೆಯಾಗಿ ಕೇಳಿ. ಒಂದು ಸಲ ಬಾಸ್ ಮತ್ತು ಡ್ರಮ್ ಮಾತ್ರ ಹಿಂಬಾಲಿಸಿ. ಇನ್ನೊಂದು ಸಲ ಮೇಲಿನ ರಾಗವನ್ನು ಮಾತ್ರ ಗುನುಗಿ. ಕೆಳಗಿನದು ಫಂಕ್ (ಅಮೆರಿಕದ ಕುಣಿಸುವ ಲಯದ ಸಂಗೀತ) ಅಥವಾ ಜಾಝ್, ಮೇಲಿನದು ಇಥಿಯೋಪಿಯಾ. ಮುಲಾತು ಮಾಡಿದ ಕೆಲಸ ಮೂರು ನಿಮಿಷದಲ್ಲಿ ಅರ್ಥವಾಗುತ್ತದೆ.

ಆಮೇಲೆ ‘ಯೆಗೆಲ್ಲೆ ತೆಜೆತಾ’ಕ್ಕೆ ಹೋಗಿ. ಇದನ್ನು ನೀವು ಆಗಲೇ ಕೇಳಿರಬಹುದು. ರ‍್ಯಾಪ್ ಗಾಯಕ ನಾಸ್ ಮತ್ತು ರೆಗೆ ಗಾಯಕ ಡೇಮಿಯನ್ ಮಾರ್ಲಿ 2010ರಲ್ಲಿ ತಮ್ಮ ಜಂಟಿ ಆಲ್ಬಮ್ಮಿನ ಮೊದಲ ಹಾಡಿಗೆ ಇದರ ತುಣುಕನ್ನೇ ಎತ್ತಿಕೊಂಡರು. ಅದಕ್ಕೂ ಮೊದಲು, 2005ರಲ್ಲಿ, ಜಿಮ್ ಜಾರ್ಮುಶ್ ತಮ್ಮ ‘ಬ್ರೋಕನ್ ಫ್ಲವರ್ಸ್’ ಸಿನಿಮಾದಲ್ಲಿ ಮುಲಾತು ಸಂಗೀತ ಬಳಸಿದ್ದರಿಂದಲೇ ಹೊರಗಿನ ಜಗತ್ತಿನ ಅರ್ಧ ಜನಕ್ಕೆ ಈ ಹೆಸರು ತಿಳಿದದ್ದು.

ಸಂಪುಟ ಪೂರ್ತಿ ಮುಗಿಸದೆ ಬೇರೆ ಕಡೆ ಹೋಗಬೇಡಿ. ಶಫಲ್ ಬೇಡ.

ಹಂತ 2: ಕಿವಿಗೆ ಒಂದು ಕೀಲಿ

ಇಲ್ಲಿ ನಮಗೆ ದೊಡ್ಡ ಅನುಕೂಲ ಇದೆ. ಪಾಶ್ಚಾತ್ಯ ಕೇಳುಗರು ಈ ಸಂಗೀತವನ್ನು ‘ನಿಗೂಢ’ ಎಂದು ಬಣ್ಣಿಸಿ ಸುಮ್ಮನಾಗುತ್ತಾರೆ. ಕರ್ನಾಟಕ ಸಂಗೀತವೋ ಹಿಂದೂಸ್ತಾನಿಯೋ ಸ್ವಲ್ಪ ಕೇಳಿದವರಿಗೆ ಇದು ನಿಗೂಢ ಅಲ್ಲವೇ ಅಲ್ಲ. ಇಲ್ಲಿನ ಸ್ವರಶ್ರೇಣಿಗಳೆಲ್ಲ ಐದು ಸ್ವರದವು. ಅವುಗಳನ್ನು ಕಿನ್ಯಿತ್ ಎನ್ನುತ್ತಾರೆ. ಮುಖ್ಯವಾದವು ನಾಲ್ಕು: ತೆಜೆತಾ, ಬಾತಿ, ಅಂಬಾಸೆಲ್, ಅಂಚಿಹೋಯೆ.

ಒಂದು ಹಾರ್ಮೋನಿಯಂ ಇದ್ದರೆ ತೆಗೆಯಿರಿ. ಇಲ್ಲದಿದ್ದರೆ ಫೋನಿನ ಕೀಬೋರ್ಡ್ ಆಪ್ ಸಾಕು. ಬಿಳಿ ಒಂದನ್ನು ಷಡ್ಜ ಮಾಡಿಕೊಳ್ಳಿ.

ತೆಜೆತಾದ ಮೊದಲ ರೂಪ ಸ ರಿ ಗ ಪ ಧ. ನಮ್ಮ ಮೋಹನದ ಸ್ವರಗಳೇ, ಹಿಂದೂಸ್ತಾನಿಯವರಿಗೆ ಭೂಪ್. ಎರಡನೆಯ ರೂಪಕ್ಕೆ ಹೀಗೆ ಮಾಡಿ: ಶಿವರಂಜನಿ ನುಡಿಸಿ, ಆಮೇಲೆ ಧೈವತವನ್ನು ಒಂದು ಮನೆ ಕೆಳಗಿಳಿಸಿ. ಸ, ಚತುಶ್ರುತಿ ರಿ, ಸಾಧಾರಣ ಗ, ಪ, ಶುದ್ಧ ಧ. ಇಷ್ಟು ಸ್ವರವನ್ನು ಮೇಲೆ ಕೆಳಗೆ ನಾಲ್ಕು ಸಲ ಓಡಾಡಿಸಿದರೆ ಸಾಕು, ಅಡಿಸ್ ಅಬಾಬಾದ ಆ ಬಣ್ಣ ನಿಮ್ಮ ಬೆರಳಿನಿಂದಲೇ ಬರುತ್ತದೆ. ಪಂಚಮಕ್ಕೂ ಆ ಇಳಿದ ಧೈವತಕ್ಕೂ ನಡುವೆ ಹೋಗಿಬಂದು ಮಾಡಿ ನೋಡಿ. ಮಿಕ್ಸ್ ಕೇಳುವಾಗ ‘ಏನೋ ಕಾಡುತ್ತೆ’ ಅನಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲಿದೆ.

ಬಾತಿಯಲ್ಲೂ ಎರಡು ಬಗೆ. ಒಂದು ಗಂಭೀರನಾಟದ ಸ್ವರಗಳು, ಸ ಗ ಮ ಪ ನಿ. ಇನ್ನೊಂದು ಶುದ್ಧ ಧನ್ಯಾಸಿಯವು. ಅಂಬಾಸೆಲ್ ಎಂದರೆ ಕರ್ನಾಟಕ ಶುದ್ಧ ಸಾವೇರಿಯ ಸ್ವರಗಳು, ಧಾರವಾಡದ ಕಡೆಯವರು ಗುಣಕ್ರಿ ಎಂದು ಗುರುತಿಸುತ್ತಾರೆ. ಅಂಚಿಹೋಯೆ ಮಾತ್ರ ವಿಚಿತ್ರ. ಶುದ್ಧ ರಿಷಭ, ಎರಡೂ ಮಧ್ಯಮ, ಚತುಶ್ರುತಿ ಧೈವತ, ಪಂಚಮವೇ ಇಲ್ಲ. ಮೊದಲ ಸಲ ಕೇಳಿದಾಗ ಕಾಲಿಡಲು ನೆಲ ಸಿಗುವುದಿಲ್ಲ. ನನಗೆ ನಾಲ್ಕರಲ್ಲಿ ಹೆಚ್ಚು ಹಿಡಿಸುವುದು ಇದೇ.

ಒಂದು ಎಚ್ಚರಿಕೆ. ಸ್ವರ ಒಂದೇ ಆದ ಮಾತ್ರಕ್ಕೆ ಅದು ಮೋಹನ ಆಗುವುದಿಲ್ಲ. ಮೋಹನದ ಗಮಕ, ಸಂಚಾರ, ಜೀವಸ್ವರ ಇಲ್ಲಿ ಹುಡುಕಿದರೆ ನಿರಾಸೆಯೇ. ಇಲ್ಲಿನ ನಡೆ ಬೇರೆ, ಕೆಳಗೆ ಕಾರ್ಡ್‌ಗಳಿವೆ (ಒಟ್ಟಿಗೆ ನುಡಿಸುವ ಸ್ವರಗುಚ್ಛ), ತುತ್ತೂರಿಗಳು ಒಟ್ಟಿಗೆ ಬೇರೆಬೇರೆ ಸ್ವರ ಹಿಡಿಯುತ್ತವೆ. ಸ್ವರ ಗುರುತಿಸುವುದು ಒಳಗೆ ಬರಲು ಬಾಗಿಲು ಮಾತ್ರ. ಒಳಗೆ ಬಂದ ಮೇಲೆ ‘ಇದು ಯಾವ ರಾಗ’ ಎನ್ನುವ ಚರ್ಚೆ ಬಿಟ್ಟುಬಿಡಿ.

ತಾಳಕ್ಕೆ ಒಂದೇ ಮಾತು. ಇಥಿಯೋಪಿಯಾದಲ್ಲಿ ಚಿಕ್‌ಚಿಕಾ ಎಂಬ ಆರರ ನಡೆ ಬಹಳ. ಬಾಯಲ್ಲಿ ತಕಿಟ ತಕಿಟ ಎನ್ನುತ್ತಾ ಕೈಯಲ್ಲಿ ಒಮ್ಮೆ ಎರಡು, ಒಮ್ಮೆ ಮೂರು ಪೆಟ್ಟು ಹಾಕಿ. ಡ್ರಮ್ಮರ್ ಎರಡನ್ನೂ ಒಟ್ಟಿಗೆ ಆಡಿಸುತ್ತಿರುವುದು ಕೇಳಿಸತೊಡಗುತ್ತದೆ.

ಹಂತ 3: ಜನರ ಹಿಂದೆ ಹೋಗಿ

ಮುಲಾತು ಹುಟ್ಟಿದ್ದು 1943ರಲ್ಲಿ, ಜಿಮ್ಮಾದಲ್ಲಿ. ಮನೆಯವರು ಎಂಜಿನಿಯರಿಂಗ್ ಓದಲಿ ಎಂದು ಬ್ರಿಟನ್ನಿನ ವೇಲ್ಸಿಗೆ ಕಳಿಸಿದರು. ಹುಡುಗ ಸಂಗೀತಕ್ಕೆ ಹೊರಳಿದ. (ಈ ಕಥೆ ನಮ್ಮಲ್ಲಿ ಯಾರಿಗೂ ಹೊಸದಲ್ಲ.) ಲಂಡನ್ ಆಯಿತು, ಆಮೇಲೆ ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜು. ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ), ಕಾಂಗಾ (ಕೈಯಲ್ಲಿ ಬಾರಿಸುವ ಕ್ಯೂಬಾದ ಡ್ರಮ್), ಆರ್ಗನ್ ಅವರ ವಾದ್ಯಗಳು. 1966ರಲ್ಲಿ ನ್ಯೂಯಾರ್ಕಿನಲ್ಲಿ ‘ಆಫ್ರೊ ಲ್ಯಾಟಿನ್ ಸೋಲ್’ ಎಂಬ ಎರಡು ಆಲ್ಬಮ್ ಮಾಡಿದರು. ಅವು ಕೇಳಲು ಚಂದ, ಆದರೆ ಇನ್ನೂ ಕ್ಯೂಬಾದ ಗುಂಗು ಜಾಸ್ತಿ. ನಿಜವಾದ ತಿರುವು 1972ರ ‘ಮುಲಾತು ಆಫ್ ಇಥಿಯೋಪಿಯಾ’. ಅದೂ ನ್ಯೂಯಾರ್ಕಿನದೇ. ಕೊಳಲು, ವಾ ವಾ ಗಿಟಾರು, ಅವುಗಳ ನಡುವೆ ತಣ್ಣಗೆ ಮಿನುಗುವ ವೈಬ್ರಫೋನ್. ನಾಲ್ಕನೆಯ ಸಂಪುಟ ಮುಗಿದ ತಕ್ಷಣ ಇದನ್ನು ಕೇಳಿ. 1973ರಲ್ಲಿ ಅಮೆರಿಕದ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಅಡಿಸ್ ಅಬಾಬಾಕ್ಕೆ ಬಂದಾಗ ಅವರ ಜೊತೆ ಇದ್ದವರೂ ಮುಲಾತುವೇ. 2009ರಲ್ಲಿ ಲಂಡನ್ನಿನ ಹೀಲಿಯೋಸೆಂಟ್ರಿಕ್ಸ್ ಬ್ಯಾಂಡಿನ ಜೊತೆ ಮಾಡಿದ ಆಲ್ಬಮ್ ಈಚಿನದ್ದರಲ್ಲಿ ಒಳ್ಳೆಯದು.

ಫಂಕ್ ಬೇಕೆಂದು ಬಂದವರು ಹೋಗಬೇಕಾದ ಜಾಗ ವಾಲಿಯಾಸ್ ಬ್ಯಾಂಡ್. ಅಡಿಸ್ ಅಬಾಬಾದ ಹಿಲ್ಟನ್ ಹೋಟೆಲಿನಲ್ಲಿ ನುಡಿಸುತ್ತಿದ್ದವರು. 1977ರ ‘ಚೆ ಬೆಲೆವ್’ ಪೂರ್ತಿ ವಾದ್ಯದ ಆಲ್ಬಮ್, ಮುಲಾತು ಕೂಡ ಅದರಲ್ಲಿದ್ದಾರೆ. ಅದರಲ್ಲಿನ ‘ಮುಜಿಕಾವಿ ಸಿಲ್ಟ್’ ಗಿರ್ಮಾ ಬೆಯೆನೆಯವರ ರಚನೆ. ತುತ್ತೂರಿಗಳ ಒಂದು ಚಿಕ್ಕ ಸಾಲು ಮತ್ತೆ ಮತ್ತೆ ಬರುತ್ತದೆ. ಕೆಳಗೆ ಬಾಸ್ ಒಂದಿಷ್ಟೂ ಅಲುಗಾಡುವುದಿಲ್ಲ. ಬೇರೆ ದೇಶಗಳ ಎಷ್ಟೋ ಬ್ಯಾಂಡುಗಳು ಇದನ್ನು ನುಡಿಸಿವೆ. ಆದರೂ ಮೂಲದಲ್ಲಿರುವ ಆ ಬಿಗಿ ಯಾರಿಗೂ ಸಿಕ್ಕಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅಲ್ಲಿ ಆರ್ಗನ್ ನುಡಿಸಿದ ಹೈಲು ಮೆರ್ಗಿಯಾ ಅವರನ್ನು ಪ್ರತ್ಯೇಕವಾಗಿ ಹಿಂಬಾಲಿಸಿ. ವಾಲಿಯಾಸ್ ಜೊತೆ 1975ರ ‘ತೆಜೆತಾ’, ದಹ್ಲಾಕ್ ಬ್ಯಾಂಡ್ ಜೊತೆ 1978ರ ‘ವೆದೆ ಹರೆರ್ ಗುಜೊ’. ಎರಡೂ ಮೊದಲು ಕ್ಯಾಸೆಟ್. ಎರಡರಲ್ಲೂ ಹಾಡಬೇಕಾದ ಸಾಲನ್ನು ಆರ್ಗನ್ ಹಾಡುತ್ತದೆ. 80ರ ದಶಕದ ಆರಂಭದಲ್ಲಿ ವಾಲಿಯಾಸ್ ಅಮೆರಿಕ ಪ್ರವಾಸ ಹೋಯಿತು. ಕೆಲವರು ವಾಪಸ್ ಬಂದರು, ಹೈಲು ಅಲ್ಲೇ ಉಳಿದರು. 1985ರಲ್ಲಿ ಒಬ್ಬರೇ ಕೂತು ಒಂದು ಕ್ಯಾಸೆಟ್ ಮಾಡಿದರು. ಅಕಾರ್ಡಿಯನ್, ರೋಡ್ಸ್ ಪಿಯಾನೊ, ಮೂಗ್ ಸಿಂತಸೈಜರ್, ಯಮಾಹಾ ಡಿಎಕ್ಸ್7 ಕೀಬೋರ್ಡ್, ಒಂದು ಡ್ರಮ್ ಮೆಶಿನ್, ಎಲ್ಲವನ್ನೂ ತಾವೇ ನುಡಿಸಿ ಒಂದರ ಮೇಲೊಂದು ಕೂಡಿಸಿದ್ದು. ಆಮೇಲೆ ವರ್ಷಗಟ್ಟಲೆ ವಾಷಿಂಗ್ಟನ್ನಿನ ಡಲ್ಲಸ್ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸಿದರು. ಗಿರಾಕಿಗಾಗಿ ಕಾಯುವ ಹೊತ್ತಿನಲ್ಲಿ ಕೀಬೋರ್ಡ್ ತೆಗೆದು ಅಭ್ಯಾಸ. ಆ ಕ್ಯಾಸೆಟ್ಟಿನ ಒಂದು ಪ್ರತಿ ಇಥಿಯೋಪಿಯಾದ ಬಹಿರ್ ದಾರ್ ಊರಿನಲ್ಲಿ ‘ಆಸಮ್ ಟೇಪ್ಸ್ ಫ್ರಮ್ ಆಫ್ರಿಕಾ’ ಎಂಬ ಮರುಮುದ್ರಣ ಕಂಪನಿ ನಡೆಸುವವರ ಕೈಗೆ ಸಿಕ್ಕಿ, 2013ರಲ್ಲಿ ಮತ್ತೆ ಹೊರಬಂತು. ಹೈಲು ಪುನಃ ವೇದಿಕೆ ಹತ್ತಿದರು. 2018ರಲ್ಲಿ ‘ಲಾಲಾ ಬೆಲು’ ಎಂಬ ಹೊಸ ಆಲ್ಬಮ್ಮೂ ಬಂತು. 1985ರದ್ದನ್ನು ರಾತ್ರಿ ಕೇಳಿ. ಅಗ್ಗದ ಡ್ರಮ್ ಮೆಶಿನ್ನಿನ ಮೇಲೆ ಅಕಾರ್ಡಿಯನ್ ಇಷ್ಟು ಒಂಟಿಯಾಗಿ ಕೇಳಿಸಬಲ್ಲದು ಎಂದು ಯಾರೂ ನಂಬುವುದಿಲ್ಲ.

ಮೂರನೆಯವರು ಗೆತಾಚೆವ್ ಮೆಕುರಿಯಾ, ಟೆನರ್ ಸ್ಯಾಕ್ಸೊಫೋನ್. 1935ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡರು. ಇಥಿಯೋಪಿಯಾದಲ್ಲಿ ಯುದ್ಧಕ್ಕೆ ಹೊರಡುವ ಯೋಧರು ಎದೆ ತಟ್ಟಿ ಕೂಗುತ್ತಿದ್ದ ಶೆಲೆಲಾ ಎಂಬ ವೀರಪದ ಇದೆ. ಗೆತಾಚೆವ್ ಆ ಕೂಗನ್ನೇ ಸ್ಯಾಕ್ಸೊಫೋನಿಗೆ ತಂದರು. ಗಂಟಲು ಬಿರಿಯುವ ಹಾಗೆ ಊದುತ್ತಾರೆ, ಸ್ವರ ನಡುಗುತ್ತದೆ, ಒಡೆಯುತ್ತದೆ. ಅಮೆರಿಕದ ಫ್ರೀ ಜಾಝ್ (ಕಟ್ಟುಪಾಡು ಬಿಟ್ಟು ನುಡಿಸುವ ಜಾಝ್) ಪ್ರಭಾವ ಎಂದು ಹಲವರು ಅಂದುಕೊಂಡರು. ಅದಲ್ಲ, ಇದು ಅವರ ಸ್ವಂತ ನೆಲದ್ದು. ಎತಿಯೋಪೀಕ್ ಹದಿನಾಲ್ಕನೆಯ ಸಂಪುಟ ಪೂರ್ತಿ ಅವರದು.

ಅವರನ್ನು ಕೇಳುವಾಗ ನನಗೆ ಬಂಟ್ವಾಳದ ಕಡೆಯ ಕದ್ರಿ ಗೋಪಾಲನಾಥರ ನೆನಪು ಬರುತ್ತದೆ. ಸಂಗೀತ ಒಂದೇ ಥರ ಎಂದಲ್ಲ. ಅವರೂ ಸ್ಯಾಕ್ಸೊಫೋನನ್ನು ಮೊದಲು ಕೇಳಿದ್ದು ಮೈಸೂರು ಅರಮನೆಯ ಬ್ಯಾಂಡಿನಲ್ಲಿ. ಅರಮನೆ ಬ್ಯಾಂಡಿನ ಒಂದು ವಿದೇಶಿ ವಾದ್ಯ, ಅದಕ್ಕೆ ಗಮಕ ನುಡಿಸಲು ಕಲಿಸಿದ ಒಬ್ಬರು. ಅತ್ತ ಅದೇ ವಾದ್ಯದಲ್ಲಿ ಶೆಲೆಲಾ ಕೂಗಿಸಿದ ಇನ್ನೊಬ್ಬರು. ಇಬ್ಬರ ರೆಕಾರ್ಡನ್ನೂ ಒಂದರ ಹಿಂದೆ ಒಂದು ಹಾಕಿ, ಪ್ರತಿ ಸ್ವರದ ಅಂಚನ್ನು ಗಮನಿಸಿ.

ಎಮಾಹೊಯ್ ತ್ಸೆಗೆ ಮರಿಯಮ್ ಗೆಬ್ರು ಅವರು ಜಾಝ್ ಅಲ್ಲ, ಫಂಕ್ ಅಂತೂ ಅಲ್ಲವೇ ಅಲ್ಲ. ಆದರೂ ಬಿಡುವ ಹಾಗಿಲ್ಲ. 1923ರಲ್ಲಿ ಹುಟ್ಟಿ ಸನ್ಯಾಸಿನಿಯಾಗಿ, 2023ರಲ್ಲಿ ಜೆರುಸಲೇಮಿನಲ್ಲಿ ತೀರಿಕೊಂಡ ಇವರ ಪಿಯಾನೊ ಸಂಪುಟ 21ರಲ್ಲಿದೆ. ಜೊತೆಗೆ ಬೇರೆ ವಾದ್ಯವಿಲ್ಲ. ಡ್ರಮ್ಮು, ಬಾಸು ಎಲ್ಲ ತೆಗೆದಿಟ್ಟ ಮೇಲೆ ಆ ಐದು ಸ್ವರಗಳು ಹೇಗೆ ನಡೆಯುತ್ತವೆ ಎಂದು ತಿಳಿಯಲು ಇದಕ್ಕಿಂತ ಸ್ಪಷ್ಟ ರೆಕಾರ್ಡು ಇಲ್ಲ.

ಇವರಾದ ಮೇಲೆ ಐಬೆಕ್ಸ್ ಬ್ಯಾಂಡ್. ಮುಂದೆ ರೋಹಾ ಬ್ಯಾಂಡ್ ಆದದ್ದು ಇದೇ. 1976ರಲ್ಲಿ ರಾಸ್ ಹೋಟೆಲಿನ ಸಭಾಂಗಣದಲ್ಲಿ ಧ್ವನಿಮುದ್ರಿಸಿದ ಅವರ ವಾದ್ಯದ ಆಲ್ಬಮ್ ಈಚೆಗೆ ಮತ್ತೆ ಸಿಗುತ್ತಿದೆ.

ಹಂತ 4: ಹುಡುಕುವ ಕಲೆ

ಇಥಿಯೋಪಿಯಾದವರಿಗೆ ಮನೆತನದ ಹೆಸರು ಇರುವುದಿಲ್ಲ. ಮೊದಲು ತಮ್ಮ ಹೆಸರು, ಆಮೇಲೆ ತಂದೆಯದು. ಹಾಗಾಗಿ ರೆಕಾರ್ಡ್ ಅಂಗಡಿಯಲ್ಲಿ, ಕ್ಯಾಟಲಾಗಿನಲ್ಲಿ ‘ಅಸ್ತಾತ್ಕೆ’ ಕೆಳಗೆ ಸಿಗದಿದ್ದರೆ ‘ಮುಲಾತು’ ಕೆಳಗೆ ನೋಡಿ. ಅಮ್ಹಾ ಎಶೆತೆ, ಅಲೆಮಾಯೆಹು ಎಶೆತೆ ಅಣ್ಣತಮ್ಮಂದಿರು ಎಂದು ತಿಳಿಯುವ ಅಗತ್ಯವೂ ಇಲ್ಲ.

ಕಾಗುಣಿತ ಇನ್ನೊಂದು ತಲೆನೋವು. ಅಮ್ಹಾರಿಕ್‌ಗೆ ತನ್ನದೇ ಲಿಪಿ ಇದೆ. ಅದನ್ನು ಫ್ರೆಂಚರು ಒಂದು ಥರ ರೋಮನ್ ಅಕ್ಷರಕ್ಕೆ ಇಳಿಸುತ್ತಾರೆ, ಅಮೆರಿಕದವರು ಇನ್ನೊಂದು ಥರ. ತೆಜೆತಾ, ತಿಜಿತಾ ಎರಡೂ ಒಂದೇ. ಮೆಕುರಿಯಾ ಹೆಸರಿನ ಕೊನೆ ನಾಲ್ಕು ಬಗೆಯಲ್ಲಿ ಸಿಗುತ್ತದೆ. ಒಂದು ಕಾಗುಣಿತದಲ್ಲಿ ಸಿಗಲಿಲ್ಲ ಎಂದು ಬಿಡಬೇಡಿ. ಇನ್ನೂ ಸುಲಭ ಎಂದರೆ ಡಿಸ್ಕಾಗ್ಸ್ ತಾಣಕ್ಕೆ ಹೋಗಿ ಕಂಪನಿಯ ಹೆಸರಿನಿಂದ ಹುಡುಕುವುದು: ಅಮ್ಹಾ, ಕೈಫಾ, ಫಿಲಿಪ್ಸ್ ಇಥಿಯೋಪಿಯಾ. ಪ್ರತಿ ರೆಕಾರ್ಡಿನ ಸಂಖ್ಯೆ, ಎರಡೂ ಬದಿಯ ಹೆಸರು ಅಲ್ಲಿರುತ್ತವೆ. ಇಸವಿ ನೋಡುವಾಗ ಒಂದು ವಿಷಯ: ಇಥಿಯೋಪಿಯಾದ ಪಂಚಾಂಗ ನಮ್ಮ ಬಳಕೆಯ ಕ್ಯಾಲೆಂಡರಿಗಿಂತ ಏಳೆಂಟು ವರ್ಷ ಹಿಂದಿದೆ. ಎರಡು ಕಡೆ ಎರಡು ಇಸವಿ ಕಂಡರೆ ಕಾರಣ ಅದಿರಬಹುದು.

ಹಂತ 5: ಅಸಲಿಯೇ, ನಕಲಿಯೇ

ಈಗ ಎಐ ತಯಾರಿಸಿದ ಸಂಗೀತವನ್ನು ‘ಕಳೆದುಹೋಗಿದ್ದ ಟೇಪ್’ ಎಂಬ ಹೆಸರಿನಲ್ಲಿ ಹಾಕುವ ಚಾನೆಲ್‌ಗಳು ಬಂದಿವೆ. ಹಳೆ ರೆಕಾರ್ಡಿನ ಚರಚರ ಸದ್ದನ್ನೂ ಸೇರಿಸುತ್ತಾರೆ. ಪರೀಕ್ಷೆ ಕಷ್ಟವಲ್ಲ. ವಾದಕರ ಹೆಸರು, ಕಂಪನಿ, ರೆಕಾರ್ಡಿನ ಸಂಖ್ಯೆ ಕೊಟ್ಟಿದ್ದಾರಾ ನೋಡಿ. ಕೊಟ್ಟಿದ್ದರೆ ಡಿಸ್ಕಾಗ್ಸ್‌ನಲ್ಲಿ ತಾಳೆ ಹಾಕಿ. ಒಂದೂ ಇಲ್ಲದೆ ಬರೀ ಮೂಡು, ಬಣ್ಣ, ‘1970’ ಎಂದಿದ್ದರೆ ಮುಂದೆ ಹೋಗಿ. ಕಿವಿಯೂ ಸಹಾಯ ಮಾಡುತ್ತದೆ. ಆ ಕಾಲದಲ್ಲಿ ಇಡೀ ಬ್ಯಾಂಡ್ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸುತ್ತಿತ್ತು. ಸ್ಯಾಕ್ಸ್ ಸ್ವಲ್ಪ ಶ್ರುತಿ ಬಿಡುತ್ತದೆ, ಯಾರೋ ಒಬ್ಬರು ಅರ್ಧ ಮಾತ್ರೆ ಮೊದಲೇ ಒಳಗೆ ಬರುತ್ತಾರೆ.

ಕೊಳ್ಳುವುದಾದರೆ ಮೂಲ ಸಿಂಗಲ್‌ಗಳ ಆಸೆ ಮೊದಲೇ ಬೇಡ. ಬೆಲೆ ವಿಪರೀತ, ಬಹಳಷ್ಟು ಸವೆದಿರುತ್ತವೆ. ಮರುಮುದ್ರಣಗಳಲ್ಲಿ ಬುಡಾ, ಸ್ಟ್ರಟ್, ಆಸಮ್ ಟೇಪ್ಸ್ ನಂಬಬಹುದಾದವು. ಆಸಮ್ ಟೇಪ್ಸ್ ಬಂದ ಲಾಭವನ್ನು ಕಲಾವಿದರ ಜೊತೆ ಅರ್ಧರ್ಧ ಹಂಚಿಕೊಳ್ಳುವುದಾಗಿ ಹೇಳುತ್ತದೆ. ವಿನೈಲ್ ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ರೆಕಾರ್ಡಿಗಿಂತ ಅದೇ ಜಾಸ್ತಿಯಾಗಬಹುದು. ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ ಡಿಜಿಟಲ್ ಪ್ರತಿ ಕೊಂಡರೆ ಆ ರಗಳೆ ಇಲ್ಲ. ಎತಿಯೋಪೀಕ್ ಸಿಡಿ ಎಲ್ಲಾದರೂ ಹಳೆ ಬೆಲೆಗೆ ಕಂಡರೆ ಮಾತ್ರ ಬಿಡಬೇಡಿ. ಒಳಗಿನ ಪುಸ್ತಿಕೆಯಲ್ಲಿ ಫಾಲ್ಸೆತೊ ಬರೆದ ಟಿಪ್ಪಣಿ, ಹಳೆ ಫೋಟೊಗಳು ಸ್ಟ್ರೀಮಿಂಗ್‌ನಲ್ಲಿ ಸಿಗುವುದಿಲ್ಲ.

ಹಂತ 6: ಹಾಡಿನ ಹಿಂದಿರುವ ವಾದ್ಯ

ವಾದ್ಯದ ರೆಕಾರ್ಡು ಬೇಗ ಖಾಲಿಯಾಗುತ್ತವೆ. ಆಗ ಹಾಡಿನ ರೆಕಾರ್ಡಿಗೆ ಹೋಗಿ, ಅಲ್ಲಿ ವಾದ್ಯ ಕೇಳಿ. ಗಾಯಕ ಮಹ್ಮೂದ್ ಅಹ್ಮದ್ ಅವರ ‘ಎರೆ ಮೆಲಾ ಮೆಲಾ’ದಲ್ಲಿ ಹಿಂದೆ ಇರುವುದು ಐಬೆಕ್ಸ್ ಬ್ಯಾಂಡ್. ಏಳನೆಯ ಸಂಪುಟದಲ್ಲಿದೆ. 1984ರಲ್ಲಿ ಫಾಲ್ಸೆತೊ ಈ ರೆಕಾರ್ಡು ಕೇಳಿ ಮರುಳಾಗಿದ್ದರಿಂದಲೇ ಮುಂದಿನ ಸರಣಿ ಆದದ್ದು. ಸಂಪುಟ 13 ಕೈಫಾ ಕಂಪನಿಯ ಕುಣಿಸುವ ಹಾಡುಗಳು. ಸಂಪುಟ 10 ತೆಜೆತಾ ಹಾಡುಗಳದ್ದೇ ಒಂದು ಗೊಂಚಲು. ಒಂದೇ ಸ್ವರಶ್ರೇಣಿಯನ್ನು ಒಬ್ಬೊಬ್ಬ ಗಾಯಕರು ಹೇಗೆ ಬಗ್ಗಿಸುತ್ತಾರೆ ಎಂದು ಹೋಲಿಸಿ ನೋಡಬಹುದು.

ಈಗಿನವರಲ್ಲಿ ಬಾಸ್ಟನ್ನಿನ ಈದರ್ ಆರ್ಕೆಸ್ಟ್ರಾ, ಪ್ಯಾರಿಸ್ಸಿನ ಅಕಾಲೆ ವುಬೆ ಎರಡನ್ನೂ ಧೈರ್ಯವಾಗಿ ಕೇಳಿ. ‘ಮುಜಿಕಾವಿ ಸಿಲ್ಟ್’ ರಚಿಸಿದ ಗಿರ್ಮಾ ಬೆಯೆನೆ ಕೂಡ ಹೈಲು ಹಾಗೆ ಅಮೆರಿಕದಲ್ಲಿ ಉಳಿದು, ಸಂಗೀತದಿಂದ ದೂರವಾಗಿದ್ದವರು. ಅಕಾಲೆ ವುಬೆ ಅವರನ್ನು ಮತ್ತೆ ಮೈಕಿನ ಮುಂದೆ ತಂದಿತು. 2017ರಲ್ಲಿ ಬಂದ ಎತಿಯೋಪೀಕ್ ಮೂವತ್ತನೆಯ ಸಂಪುಟ ಅದು. ಹಾಡಿನ ಆಲ್ಬಮ್ಮೇ. ಆದರೆ ಪಿಯಾನೊ ಮುಂದೆ ಕೂತ ಮುದುಕರ ಬೆರಳುಗಳಿಗಾಗಿ ಕೇಳಿ.